ಕೀಬೋರ್ಡ್ ಮುಟ್ಟದೆ ಡಾನ್ಸ್ ಆಲ್ಬಮ್: ಗಿಟಾರಿನಿಂದ ಹೌಸ್, ಟೆಕ್ನೋ ಕಟ್ಟುವುದು ಹೇಗೆ?

ಹೌಸ್, ಟೆಕ್ನೋ ಥರದ ಎಲೆಕ್ಟ್ರಾನಿಕ್ ಡಾನ್ಸ್ ಮ್ಯೂಸಿಕ್ ಅಂದ ಕೂಡಲೇ ಕಣ್ಮುಂದೆ ಬರುವುದು ಕೀಬೋರ್ಡ್, ಸಿಂಥಸೈಜರ್, ಲ್ಯಾಪ್‌ಟಾಪ್. ಗಿಟಾರಿಗೆ ಅಲ್ಲಿ ಸಿಗುವುದು ಅತಿಥಿಯ ಜಾಗ. ನಡುವೆ ಒಂದಿಷ್ಟು ಫಂಕ್ ರಿದಂ, ಎಲ್ಲೋ ಒಂದು ಸೋಲೋ, ಅಷ್ಟೇ. ಆದರೆ ಬಾಸ್, ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಪ್ಯಾಡ್ (ಹಿನ್ನೆಲೆಯಲ್ಲಿ ಉದ್ದಕ್ಕೆ ನಿಲ್ಲುವ ಸದ್ದು), ಲೀಡ್ (ಮುಖ್ಯ ರಾಗ) ಎಲ್ಲವೂ ಗಿಟಾರಿನಿಂದಲೇ ಹುಟ್ಟಿದ ಪೂರ್ತಿ ಆಲ್ಬಮ್ ಮಾಡಲು ಸಾಧ್ಯ. ಇದು ಬರೀ ಹಠಕ್ಕೆ ಮಾಡುವ ಕಸರತ್ತಲ್ಲ. ಗಿಟಾರ್ ಹಿಡಿದು ಬೆಳೆದವರ ಬೆರಳಿಗೆ ಬರುವ ಕೆಲವು ಸ್ವರಗಳು, ಕೆಲವು ತಿರುವುಗಳು ಕೀಬೋರ್ಡಿನವರ ಬೆರಳಿಗೆ ತಾನಾಗಿ ಬರುವುದಿಲ್ಲ. ಅವು ಡಾನ್ಸ್ ಫ್ಲೋರಿಗೆ ಬರಬೇಕು ಅನ್ನುವುದು ನನ್ನ ಆಸೆ.

ಗಿಟಾರಿಗೂ ಈ ಸಂಗೀತಕ್ಕೂ ಇರುವ ನಂಟು ಹಳೆಯದೇ. ಆಸಿಡ್ ಹೌಸ್ ಎಂಬ ಹೌಸ್ ಸಂಗೀತದ ಕವಲಿಗೆ ಅದರ ಸದ್ದು ಕೊಟ್ಟ ರೋಲ್ಯಾಂಡ್ ಟಿಬಿ-303 ಯಂತ್ರವನ್ನು 1980ರ ದಶಕದ ಆರಂಭದಲ್ಲಿ ತಯಾರಿಸಿದ್ದು ಒಬ್ಬರೇ ಕೂತು ಪ್ರಾಕ್ಟೀಸ್ ಮಾಡುವ ಗಿಟಾರ್ ವಾದಕರಿಗಾಗಿ, ಅವರಿಗೊಂದು ಬಾಸ್ ಸಾಥ್ ಸಿಗಲಿ ಅಂತ. ಅದು ಮಾರಾಟವಾಗದೆ 1984ರ ಹೊತ್ತಿಗೆ ನಿಂತೇಹೋಯಿತು. ಆಮೇಲೆ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ಶಿಕಾಗೋದ ಹುಡುಗರು ಕೊಂಡು, ಗುಂಡಿಗಳನ್ನು ಮನಸ್ಸಿಗೆ ಬಂದಂತೆ ತಿರುಗಿಸಿ ಹೊಸ ಸಂಗೀತವನ್ನೇ ಹುಟ್ಟಿಸಿದರು. ಅದಕ್ಕೂ ಮೊದಲೇ, 1975ರಲ್ಲಿ, ಬರ್ಲಿನ್‌ನ ಗಿಟಾರ್ ವಾದಕ ಮಾನುಯೆಲ್ ಗಟ್ಶಿಂಗ್ ಬರೀ ಎಲೆಕ್ಟ್ರಿಕ್ ಗಿಟಾರ್ ಮತ್ತು ಟೇಪ್ ಎಕೋ ಬಳಸಿ ಒಂದು ಇಡೀ ಆಲ್ಬಮ್ ತಂದಿದ್ದರು. ಸಣ್ಣ ಸಣ್ಣ ಸ್ವರಗಳನ್ನು ಎಕೋ ಮೇಲೆ ಎಕೋ ಹಾಕಿ ಹೆಣೆದಾಗ ಅದು ಸೀಕ್ವೆನ್ಸರ್ (ಸ್ವರಗಳನ್ನು ಸಾಲಾಗಿ ತಾನೇ ನುಡಿಸುವ ಯಂತ್ರ) ಓಡಿದ ಹಾಗೇ ಕೇಳುತ್ತದೆ. ಅವರೇ 1981ರ ಡಿಸೆಂಬರ್‌ನಲ್ಲಿ ಸಿಂಥ್ ಮತ್ತು ಗಿಟಾರ್ ಇಟ್ಟುಕೊಂಡು ಒಂದೇ ಬೈಠಕ್ಕಿನಲ್ಲಿ ನುಡಿಸಿದ ಸುಮಾರು ಒಂದು ಗಂಟೆಯ ಕೃತಿ 1984ರಲ್ಲಿ ಹೊರಬಂತು. ಟೆಕ್ನೋ ಮತ್ತು ಹೌಸ್ ಮಾಡಿದ ಮುಂದಿನ ತಲೆಮಾರು ಅದನ್ನು ತಮ್ಮ ಬೇರುಗಳಲ್ಲಿ ಒಂದು ಎಂದೇ ನೋಡುತ್ತದೆ.

ಹಾಗಾದರೆ ಕಷ್ಟ ಎಲ್ಲಿದೆ? ಟೋನ್‌ನಲ್ಲಿ ಅಲ್ಲ. ಗಿಟಾರಿನ ಟೋನ್ ಬದಲಾಯಿಸಲು ಸಾವಿರ ಪೆಡಲ್‌ಗಳಿವೆ. ನಿಜವಾದ ಕಷ್ಟ ಇರುವುದು ಸ್ವರ ಶುರುವಾಗುವ ಮತ್ತು ಮುಗಿಯುವ ರೀತಿಯಲ್ಲಿ.

ಕೀಬೋರ್ಡಿನ ಕೀ ಒಂದು ಸ್ವಿಚ್. ಒತ್ತಿದಾಗ ಸ್ವರ ಶುರು, ಬಿಟ್ಟಾಗ ಖತಂ. ನಡುವೆ ಎಷ್ಟು ಹೊತ್ತು ಬೇಕಾದರೂ ಒಂದೇ ಗಟ್ಟಿಯಲ್ಲಿ ನಿಲ್ಲಬಹುದು. ವಾದ್ಯ, ಕಂಪ್ಯೂಟರ್‌ಗಳು ಒಂದಕ್ಕೊಂದು ಸ್ವರದ ಸೂಚನೆ ಕಳಿಸುವ, 1983ರಲ್ಲಿ ಬಂದ ಮಿಡಿ ಪದ್ಧತಿ ಕೂಡ ಇದೇ ಯೋಚನೆಯ ಮೇಲೆ ನಿಂತಿದೆ: ಯಾವ ಸ್ವರ, ಎಷ್ಟು ಜೋರು, ಯಾವಾಗ ಆನ್, ಯಾವಾಗ ಆಫ್. ಡಾನ್ಸ್ ಮ್ಯೂಸಿಕ್‌ನ ಇಡೀ ವ್ಯಾಕರಣ ಈ ಸ್ವಿಚ್ಚಿನಿಂದ ಬಂದದ್ದು. ತಟ್ಟನೆ ಬಂದು ತಟ್ಟನೆ ನಿಲ್ಲುವ ಕಾರ್ಡ್, ಹದಿನಾರು ಬಾರ್ (ಒಂದು ಬಾರ್ ಅಂದರೆ ನಾಲ್ಕು ಬೀಟ್) ಅಲುಗಾಡದೆ ನಿಲ್ಲುವ ಪ್ಯಾಡ್, ಪ್ರತಿ ಸುತ್ತಿನಲ್ಲೂ ಒಂದೇ ಥರ ಬರುವ ಬಾಸ್.

ತಂತಿ ಹಾಗಲ್ಲ. ಮೀಟಿದ ಕ್ಷಣದಲ್ಲಿ ಒಂದು ಟಕ್ ಸದ್ದು, ಅದರಲ್ಲಿ ಸ್ವರವೇ ಸ್ಪಷ್ಟವಿಲ್ಲ. ಆಮೇಲೆ ಸ್ವರ ತುಸು ಏರಿದ ಶ್ರುತಿಯಲ್ಲಿ ಹುಟ್ಟಿ, ಕೆಳಗಿಳಿದು ಸರಿಹೋಗುತ್ತದೆ. ಮೊದಲು ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಜೊತೆ ಮೊಳಗುವ ಎತ್ತರದ ಸ್ವರಗಳು) ಕರಗುತ್ತವೆ, ನಂತರ ಮೂಲ ಸ್ವರವೂ ಕರಗುತ್ತದೆ. ಅಂದರೆ ಗಿಟಾರಿನ ಸ್ವರ ಹುಟ್ಟಿದ ಕ್ಷಣದಿಂದಲೇ ಇಳಿಮುಖ. ಎರಡು ಸಲ ಒಂದೇ ಥರ ಮೀಟಲೂ ಆಗುವುದಿಲ್ಲ. ಈ ಗುಣವನ್ನು ಎಲ್ಲಿ ಉಳಿಸಬೇಕು, ಎಲ್ಲಿ ತೆಗೆಯಬೇಕು ಅನ್ನುವುದರ ಮೇಲೆಯೇ ಆಲ್ಬಮ್ ನಿಲ್ಲುತ್ತದೆ.

ಮೊದಲು ತಲೆಗೆ ಬರುವ ದಾರಿ ಗಿಟಾರನ್ನೇ ಮಿಡಿಗೆ ತಿರುಗಿಸುವುದು. ಪ್ರತಿ ತಂತಿಯ ಸದ್ದನ್ನೂ ಬೇರೆ ಬೇರೆಯಾಗಿ ಹಿಡಿಯುವ ಆರು ಭಾಗದ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಒಂದನ್ನು ಬ್ರಿಡ್ಜ್ ಹತ್ತಿರ ಕೂರಿಸುತ್ತಾರೆ. ಯಂತ್ರ ಆ ಕಂಪನವನ್ನು ಅಳೆದು, ಇದು ಯಾವ ಸ್ವರ ಎಂದು ಕಂಡುಹಿಡಿದು, ಸಿಂಥ್‌ಗೆ ಹೇಳುತ್ತದೆ. ರೋಲ್ಯಾಂಡ್ 1977ರಲ್ಲೇ ಜಿಆರ್-500 ಎಂಬ ಗಿಟಾರ್ ಸಿಂಥ್ ತಂದಿತ್ತು. ಈಗ ಪ್ರತ್ಯೇಕ ಪಿಕಪ್ ಇಲ್ಲದೆ, ಸಾಮಾನ್ಯ ಗಿಟಾರಿನ ಆಡಿಯೋದಿಂದಲೇ ಕಾರ್ಡ್ ಗುರುತಿಸುವ ಸಾಫ್ಟ್‌ವೇರ್‌ಗಳೂ ಇವೆ.

ಇಲ್ಲಿ ಒಂದು ಅಡ್ಡಿಯನ್ನು ದಾಟಲು ಆಗುವುದೇ ಇಲ್ಲ, ಏಕೆಂದರೆ ಅದು ಭೌತಶಾಸ್ತ್ರದ ಅಡ್ಡಿ. ಸ್ವರ ಯಾವುದು ಎಂದು ತಿಳಿಯಬೇಕಾದರೆ ತಂತಿ ಒಂದೆರಡು ಸಲವಾದರೂ ಪೂರ್ತಿ ಕಂಪಿಸಬೇಕು. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಒಂದು ಕಂಪನಕ್ಕೆ 12 ಮಿಲಿಸೆಕೆಂಡ್, ಎರಡಕ್ಕೆ 24. ನಿಮ್ಮ ಟ್ರ್ಯಾಕ್ 125 ಬಿಪಿಎಂ (ನಿಮಿಷಕ್ಕೆ 125 ಬೀಟ್) ಇದ್ದರೆ ಒಂದು ಹದಿನಾರನೇ ನೋಟಿನ, ಅಂದರೆ ಕಾಲು ಬೀಟಿನ ಉದ್ದ 120 ಮಿಲಿಸೆಕೆಂಡ್. ಅದರಲ್ಲಿ ಐದನೇ ಒಂದು ಭಾಗ ತಡವಾಯಿತು ಅಂದರೆ ಬಾಸ್, ಕಿಕ್ ಡ್ರಮ್ಮಿನ ಹಿಂದೆ ಎಳೆದಾಡಿದಂತೆ ಕೇಳುತ್ತದೆ. ತೆಳು ತಂತಿಯಲ್ಲಿ ಒಂದು ಕಂಪನಕ್ಕೆ ಬರೀ 3 ಮಿಲಿಸೆಕೆಂಡ್. ಅದಕ್ಕೇ ಬಲ್ಲವರು ಮಿಡಿ ಬಾಸ್ ಲೈನನ್ನು ತೆಳು ತಂತಿಗಳ ಮೇಲೆ ನುಡಿಸಿ, ಸಾಫ್ಟ್‌ವೇರಿನಲ್ಲಿ ಎರಡು ಆಕ್ಟೇವ್ (ಸ್ಥಾಯಿ) ಕೆಳಗಿಳಿಸುತ್ತಾರೆ. ಬಾಸ್ ಲೈನನ್ನು ಸೋಲೋ ಜಾಗದಲ್ಲಿ ನುಡಿಸುವುದು ಮೊದಲು ವಿಚಿತ್ರ ಅನ್ನಿಸುತ್ತದೆ, ಆದರೆ ಬೆರಳು ಬೇಗ ಒಗ್ಗಿಕೊಳ್ಳುತ್ತದೆ. ಪಕ್ಕದ ತಂತಿ ತಗುಲಿ ಬಂದ ಸುಳ್ಳು ಸ್ವರಗಳನ್ನು ಆಮೇಲೆ ಕೈಯಾರೆ ಅಳಿಸಬೇಕಾಗುತ್ತದೆ, ಅದನ್ನು ತಪ್ಪಿಸಲಾಗದು.

ಮಿಡಿ ದಾರಿ ತಪ್ಪಲ್ಲ. ಸ್ವರವನ್ನು ಎಳೆದು ಬಗ್ಗಿಸಿದಾಗ ಸಿಂಥ್ ಕೂಡ ಬಾಗುವುದು ಕೇಳಲು ಚೆಂದ. ಪ್ರತಿ ತಂತಿಗೂ ಬೇರೆ ಮಿಡಿ ಚಾನೆಲ್ ಕೊಟ್ಟರೆ ಒಂದು ತಂತಿ ಬಾಗುವಾಗ ಉಳಿದವು ನೆಟ್ಟಗಿರುತ್ತವೆ. ಸಾಮಾನ್ಯ ಕೀಬೋರ್ಡಿನಲ್ಲಿ ಇದು ಆಗದು. ಆದರೂ ಕೊನೆಗೆ ಕೇಳುವುದು ಸಿಂಥ್ ಸದ್ದೇ ಅಲ್ವಾ? ಇಡೀ ಆಲ್ಬಮ್ ಹೀಗೇ ಮಾಡಿದರೆ ಗಿಟಾರ್ ಬರೀ ರಿಮೋಟ್ ಆಗಿಬಿಡುತ್ತದೆ. ನನ್ನ ಒಲವು ಇನ್ನೊಂದು ದಾರಿಯ ಕಡೆಗೆ: ತಂತಿಯ ಸದ್ದನ್ನೇ ಇಟ್ಟುಕೊಂಡು, ಅದರ ಶುರು ಮತ್ತು ಕೊನೆಯನ್ನು ಮಾತ್ರ ಯಂತ್ರದ ಕೈಗೆ ಕೊಡುವುದು.

ಒಂದು ಕಾರ್ಡ್ ತೆಗೆದುಕೊಂಡು ನೋಡೋಣ. ನಾಲ್ಕು ತೆಳು ತಂತಿಗಳು ಮಾತ್ರ. ನಾಲ್ಕನೇ, ಮೂರನೇ, ಎರಡನೇ ತಂತಿಗಳನ್ನು ಐದನೇ ಫ್ರೆಟ್‌ನಲ್ಲಿ ಒಂದೇ ಬೆರಳಿನಿಂದ ಒತ್ತಿ, ಮೊದಲನೇ ತಂತಿಯನ್ನು ಏಳನೇ ಫ್ರೆಟ್‌ನಲ್ಲಿ ಹಿಡಿಯಿರಿ. ಸಿಗುವ ಸ್ವರಗಳು ಜಿ, ಸಿ, ಇ, ಬಿ. ಕೆಳಗೆ ಬಾಸ್‌ನಲ್ಲಿ ಎ ಸ್ವರ ಬಂದರೆ ಇದು ಎ ಮೈನರ್ ನೈನ್ತ್, ಹೌಸ್ ಸಂಗೀತ ಎದೆಗೆ ಹಚ್ಚಿಕೊಂಡ ಕಾರ್ಡ್. ಈಗ ಕೈಯ ಆಕಾರ ಬದಲಿಸದೆ ಮೂರು ಫ್ರೆಟ್ ಮೇಲೆ ಸರಿಸಿ, ಬಾಸ್‌ನಲ್ಲಿ ಸಿ ಹಾಕಿ. ಅದು ಸಿ ಮೈನರ್ ನೈನ್ತ್. ಮೊದಲಿನ ಜಾಗದಿಂದ ಎರಡು ಫ್ರೆಟ್ ಕೆಳಗೆ ಬಂದರೆ ಜಿ ಮೈನರ್ ನೈನ್ತ್.

ಇದರಲ್ಲಿ ಒಂದು ಸ್ವಾರಸ್ಯವಿದೆ. ಹಳೆಯ ಹೌಸ್ ಟ್ರ್ಯಾಕ್‌ಗಳಲ್ಲಿ ಒಂದು ಕಾರ್ಡನ್ನು ಸ್ಯಾಂಪಲ್ ಮಾಡಿ, ಅಂದರೆ ತುಂಡಾಗಿ ರೆಕಾರ್ಡ್ ಮಾಡಿಟ್ಟು, ಅದನ್ನೇ ಬೇರೆ ಬೇರೆ ಶ್ರುತಿಯಲ್ಲಿ ನುಡಿಸುವ ರೂಢಿ ಇತ್ತು. ಹಾಗಾಗಿ ಇಡೀ ಕಾರ್ಡ್ ಒಂದೇ ಆಕಾರದಲ್ಲಿ ಮೇಲೆ ಕೆಳಗೆ ಜಾರುತ್ತಿತ್ತು. ಆ ಜಾರುವಿಕೆಯೇ ಆ ಸಂಗೀತದ ಗುರುತಾಯಿತು. ಕೀಬೋರ್ಡಿನಲ್ಲಿ ಹಾಗೆ ನುಡಿಸಬೇಕಾದರೆ ಪ್ರತಿ ಜಾಗಕ್ಕೂ ಬೆರಳಿನ ಜೋಡಣೆ ಬದಲಾಗುತ್ತದೆ, ಕಪ್ಪು ಬಿಳಿ ಕೀಗಳು ಅಡ್ಡ ಬರುತ್ತವೆ. ಗಿಟಾರಿನಲ್ಲಿ ಕೈ ಸರಿಸಿದರೆ ಸಾಕು. ಕೀಬೋರ್ಡ್ ಇಲ್ಲದ್ದು ಕೊರತೆಯಲ್ಲ ಅಂತ ನಾನು ನಂಬುವುದು ಇಂಥ ಕಡೆ.

ಈ ಕಾರ್ಡನ್ನು ಗೀರಿ ನುಡಿಸಬೇಡಿ. ಗೀರಿದರೆ ನಾಲ್ಕು ತಂತಿಗಳು ಒಂದರ ಹಿಂದೆ ಒಂದು ಬರುತ್ತವೆ. ಕಿಕ್ ಜೊತೆ ಬರಬೇಕಾದ ಕಾರ್ಡಿಗೆ ಅದು ಸರಿಹೊಂದದು. ಹೆಬ್ಬೆರಳು ಮತ್ತು ಮೂರು ಬೆರಳುಗಳಿಂದ ನಾಲ್ಕೂ ತಂತಿ ಒಟ್ಟಿಗೆ ಮೀಟಿ. ಒಂದು ಬಾರ್ ಪೂರ್ತಿ, ಅಂದರೆ 125 ಬಿಪಿಎಂನಲ್ಲಿ 1.92 ಸೆಕೆಂಡ್, ಮೊಳಗಲು ಬಿಡಿ. ರೆಕಾರ್ಡ್ ಮಾಡಿದ್ದಕ್ಕೆ ಕಂಪ್ರೆಸರ್ (ಜೋರು ಸದ್ದು, ಮೆಲು ಸದ್ದುಗಳ ಅಂತರ ತಗ್ಗಿಸುವ ಸಾಧನ) ಗಟ್ಟಿಯಾಗಿ ಹಾಕಿ. ಕರಗುತ್ತಿದ್ದ ಬಾಲ ಮೇಲೆದ್ದು ನಿಲ್ಲುತ್ತದೆ. ಆಮೇಲೆ ಗೇಟ್, ಅಂದರೆ ಸದ್ದಿಗೆ ಬಾಗಿಲಿನಂತೆ ತೆರೆದು ಮುಚ್ಚುವ ಸಾಧನ. ಈ ಗೇಟನ್ನು ಗಿಟಾರಿನ ಸದ್ದಿನಿಂದ ಅಲ್ಲ, ಬೇರೆ ಒಂದು ಟ್ರ್ಯಾಕಿನಿಂದ ತೆರೆಸಬೇಕು. ಒಂದು ಹೈ-ಹ್ಯಾಟ್ ಟ್ರ್ಯಾಕ್ ಮಾಡಿ, ಹದಿನಾರು ಹೆಜ್ಜೆಗಳಲ್ಲಿ 1, 4, 7, 11, 14ರ ಮೇಲೆ ಮಾತ್ರ ಪೆಟ್ಟು ಇಡಿ. ಆ ಹ್ಯಾಟ್ ಕೇಳುವುದು ಬೇಡ, ಅದರ ಕೆಲಸ ಬಾಗಿಲು ತೆಗೆಯುವುದಷ್ಟೇ. ಪೆಟ್ಟು ಬಿದ್ದಾಗ ಕಾರ್ಡ್ ಕೇಳುತ್ತದೆ, ಇಲ್ಲದಾಗ ಮೌನ. ಹುಟ್ಟಿದ್ದು ತಂತಿಯಿಂದ, ಲಯ ಬಂದದ್ದು ಯಂತ್ರದಿಂದ. ಎರಡನೇ ತುಂಡಿನಿಂದ ಮುಂದಕ್ಕೆ ಮೀಟಿದ ಟಕ್ ಸದ್ದೇ ಇರುವುದಿಲ್ಲವಾದ್ದರಿಂದ, ಇದು ಗಿಟಾರ್ ಎಂದು ಕಿವಿಗೆ ಗೊತ್ತೇ ಆಗುವುದಿಲ್ಲ. ಮೊದಲ ತುಂಡಿನ ಟಕ್ ಕೂಡ ಬೇಡ ಅಂದರೆ ಶುರುವಿನ 30-40 ಮಿಲಿಸೆಕೆಂಡ್ ಕತ್ತರಿಸಿ, ಉಳಿದದ್ದನ್ನು ಗ್ರಿಡ್ಡಿಗೆ (ಸಾಫ್ಟ್‌ವೇರಿನ ತಾಳದ ಗೆರೆಗಳಿಗೆ) ಎಳೆಯಿರಿ.

ಇನ್ನು ಫಿಲ್ಟರ್. ನಿಧಾನವಾಗಿ ತೆರೆದುಕೊಳ್ಳುವ ಲೋ-ಪಾಸ್ ಫಿಲ್ಟರ್ (ಎತ್ತರದ ಸದ್ದುಗಳನ್ನು ತಡೆಯುವ ಜರಡಿ) ಇಲ್ಲದೆ ಡಾನ್ಸ್ ಮ್ಯೂಸಿಕ್ ಊಹಿಸುವುದೂ ಕಷ್ಟ. ಕ್ಲೀನ್ ಗಿಟಾರಿಗೆ ಹಾಕಿದರೆ ಅದು ಸಪ್ಪೆ. ಫಿಲ್ಟರ್ ತೆರೆಯುವ ಹೊತ್ತಿಗೆ ಮೇಲಿನ ಹಾರ್ಮೋನಿಕ್‌ಗಳು ಆಗಲೇ ಕರಗಿಹೋಗಿರುತ್ತವೆ, ತೋರಿಸಲು ಏನೂ ಉಳಿದಿರುವುದಿಲ್ಲ. ಸಿಂಥಿನ ಗರಗಸದ ಅಲೆಯಲ್ಲಿ ಅವು ಕೊನೆತನಕ ತುಂಬಿರುತ್ತವೆ. ಗಿಟಾರಿನಲ್ಲಿ ಅವನ್ನು ತುಂಬಲು ಫಿಲ್ಟರಿಗೆ ಮೊದಲು ಫಜ್ ಅಥವಾ ಡಿಸ್ಟಾರ್ಶನ್ ಬೇಕು. ಜೋರಾದ ಫಜ್ ಅಲೆಯ ತಲೆಯನ್ನು ಕತ್ತರಿಸಿ ಚೌಕಾಕಾರಕ್ಕೆ ತರುತ್ತದೆ. ಅದೇ ಸಿಂಥಿನ ಸ್ಕ್ವೇರ್ ಅಲೆಯ ಹತ್ತಿರದ ಬಂಧು.

ಆದರೆ ಕಾರ್ಡ್ ಮೇಲೆ ಫಜ್ ಹಾಕಿದರೆ? ಕೆಸರು. ನಾಲ್ಕು ಸ್ವರಗಳು ಒಂದೇ ಫಜ್ ಒಳಗೆ ಡಿಕ್ಕಿ ಹೊಡೆದು, ಅಲ್ಲಿ ಇಲ್ಲದ ಹೊಸ ಸ್ವರಗಳನ್ನು ಹುಟ್ಟಿಸುತ್ತವೆ. ರಾಕ್‌ನವರು ಬರೀ ಎರಡು ಸ್ವರದ ಪವರ್ ಕಾರ್ಡ್ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಸಿಂಥಿನಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಪ್ರತಿ ಸ್ವರಕ್ಕೂ ಅದರದೇ ಆಸಿಲೇಟರ್ ಇರುತ್ತದೆ. ಹಾಗಾದರೆ ನಾವೂ ಹಾಗೇ ಮಾಡೋಣ. ಕಾರ್ಡಿನ ನಾಲ್ಕು ಸ್ವರಗಳನ್ನು ನಾಲ್ಕು ಬೇರೆ ಟ್ರ್ಯಾಕ್‌ಗಳಲ್ಲಿ ಒಂದೊಂದಾಗಿ ರೆಕಾರ್ಡ್ ಮಾಡಿ, ಒಂದೊಂದಕ್ಕೂ ಬೇರೆ ಫಜ್ ಹಾಕಿ, ಆಮೇಲೆ ಸೇರಿಸಿ, ಸೇರಿದ್ದರ ಮೇಲೆ ಒಂದೇ ಫಿಲ್ಟರ್ ಇಡಿ. ಈ ಒಂದು ಬದಲಾವಣೆಗೆ ಸದ್ದು ಎಷ್ಟು ಬದಲಾಗುತ್ತದೆ ಅನ್ನುವುದನ್ನು ಕೇಳಿಯೇ ನಂಬಬೇಕು. ಕೊಳಕು ಪೂರ್ತಿ ಹೋಗಿ, ಅಗಲವಾದ, ಹೊಳೆಯುವ ಸಿಂಥ್ ಕಾರ್ಡ್ ಬರುತ್ತದೆ. ನಾಲ್ಕು ಟೇಕ್‌ಗಳ ಶ್ರುತಿಯಲ್ಲಿ ಇರುವ ಕೂದಲೆಳೆಯ ವ್ಯತ್ಯಾಸ ಅದಕ್ಕೆ ಒಂದು ಮೃದುವಾದ ಅಲುಗಾಟವನ್ನೂ ಕೊಡುತ್ತದೆ. ಸಮಯ ಹಿಡಿಯುವ ಕೆಲಸ ನಿಜ. ಆದರೆ ಆಲ್ಬಮ್‌ನ ಮುಖ್ಯ ಕಾರ್ಡ್ ಸದ್ದು ಒಮ್ಮೆ ಹೀಗೆ ಕಟ್ಟಿ ಸ್ಯಾಂಪ್ಲರಿಗೆ ಹಾಕಿಟ್ಟರೆ ಎಲ್ಲ ಟ್ರ್ಯಾಕ್‌ಗೂ ಒದಗುತ್ತದೆ.

ಸ್ಯಾಂಪ್ಲರಿನಲ್ಲಿ ಒಂದು ಎಚ್ಚರಿಕೆ ಬೇಕು. ಹಳೆಯ ರೀತಿಯಲ್ಲಿ ಶ್ರುತಿ ಏರಿಸಿದರೆ ಸದ್ದಿನ ಉದ್ದವೂ ಕುಗ್ಗುತ್ತದೆ, ಒಂದು ಆಕ್ಟೇವ್ ಏರಿದರೆ ಅರ್ಧಕ್ಕೆ ಅರ್ಧ. ಮೂರು ನಾಲ್ಕು ಸೆಮಿಟೋನ್ ಒಳಗೆ ಸರಿಸಿದರೆ ಸಹಜ, ಅದಕ್ಕಿಂತ ಜಾಸ್ತಿ ಸರಿಸಿದರೆ ಆಟಿಕೆಯ ಸದ್ದು. ಆಟಿಕೆಯ ಸದ್ದೇ ಬೇಕಿದ್ದರೆ ಧಾರಾಳವಾಗಿ ಸರಿಸಿ.

ಬಾಸ್ ವಿಷಯಕ್ಕೆ ಬಂದರೆ ಗಿಟಾರಿಗೆ ಒಂದು ಮಿತಿ ಇದೆ. ಅದರ ಅತಿ ಕೆಳಗಿನ ಸ್ವರವೇ 82 ಹರ್ಟ್ಜ್. ದೊಡ್ಡ ಸ್ಪೀಕರಿನ ಮುಂದೆ ಎದೆಗೆ ತಟ್ಟುವ ಸಬ್ ಬಾಸ್ ಇರುವುದು ಸುಮಾರು 40ರಿಂದ 60 ಹರ್ಟ್ಜ್ ನಡುವೆ. ಇಲ್ಲಿ ಆಕ್ಟೇವ್ ಪೆಡಲ್ ಬೇಕೇ ಬೇಕು. 1982ರಲ್ಲಿ ಬಂದ, ಬಾಸ್ (Boss) ಎಂಬ ಕಂಪನಿಯ ಒಸಿ-2 ಥರದ ಅನಲಾಗ್ ಪೆಡಲ್‌ಗಳು ಮಾಡುವ ಕೆಲಸ ಸರಳ: ಬಂದ ಅಲೆಗಳನ್ನು ಎಣಿಸಿ, ಎರಡಕ್ಕೆ ಒಂದರಂತೆ ಹೊರಗೆ ಬಿಡುತ್ತವೆ. ಕಂಪನ ಅರ್ಧವಾದರೆ ಸ್ವರ ಒಂದು ಆಕ್ಟೇವ್ ಕೆಳಗೆ. ಎಣಿಕೆ ತಪ್ಪದಿರಲು ಒಮ್ಮೆಗೆ ಒಂದೇ ಸ್ವರ ನುಡಿಸಬೇಕು, ನೆಕ್ ಪಿಕಪ್ ಬಳಸಬೇಕು, ಟೋನ್ ಗುಂಡಿ ಪೂರ್ತಿ ಇಳಿಸಬೇಕು. ಎ ತಂತಿಯನ್ನು ಯಾವ ಫ್ರೆಟ್ಟೂ ಒತ್ತದೆ ಹಾಗೇ ಮೀಟಿದರೆ 110 ಹರ್ಟ್ಜ್, ಒಂದು ಆಕ್ಟೇವ್ ಕೆಳಗೆ 55. ಸಬ್ ಬಾಸ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇ ಸ್ವರದ ಸಬ್ 41ಕ್ಕೆ ಇಳಿಯುತ್ತದೆ, ಅದು ಸಣ್ಣ ಸ್ಪೀಕರುಗಳಲ್ಲಿ ಮಾಯವಾಗಿಬಿಡುತ್ತದೆ. ಗಿಟಾರಿಗೆ ಇ ಮೈನರ್ ಎಷ್ಟು ಸಲೀಸಾದರೂ, ಬಾಸ್ ಮುಖ್ಯವಾದ ಟ್ರ್ಯಾಕಿಗೆ ನಾನು ಎ ಮೈನರ್ ಅಥವಾ ಜಿ ಮೈನರ್ ಕಡೆ ವಾಲುತ್ತೇನೆ.

ಆ ಬಾಸ್ ಮೇಲೆ ಸೈಡ್‌ಚೈನ್ ಕಂಪ್ರೆಶನ್ ಹಾಕಿ, ಕಿಕ್ ಬಿದ್ದಾಗಲೆಲ್ಲ ಬಾಸ್ ತಗ್ಗುವಂತೆ ಮಾಡಿ. ಕಾರ್ಡ್ ಮತ್ತು ಪ್ಯಾಡ್‌ಗೂ ಸ್ವಲ್ಪ ಹಾಕಿ. ಗಿಟಾರಿನ ಸ್ವರ ಇಳಿಯುತ್ತಾ ಹೋಗುವಂಥದ್ದು ಅಂದೆನಲ್ಲ, ಸೈಡ್‌ಚೈನ್ ಅದನ್ನು ತಿರುಗಿಸಿಬಿಡುತ್ತದೆ. ಪ್ರತಿ ಬೀಟ್ ನಂತರ ಸದ್ದು ಏರುತ್ತದೆ. ಆ ಉಸಿರಾಟ ಬಂದ ಮೇಲೆ ಗಿಟಾರ್ ನಿಜಕ್ಕೂ ಡಾನ್ಸ್ ಮ್ಯೂಸಿಕ್‌ನ ಭಾಷೆ ಆಡತೊಡಗುತ್ತದೆ.

ಪ್ಯಾಡ್ ಕಟ್ಟುವುದು ಇದಕ್ಕೆಲ್ಲ ಹೋಲಿಸಿದರೆ ಸುಲಭ. 1976ರಿಂದ ಸಿಗುತ್ತಿರುವ ಇ-ಬೋ ಎಂಬ ಪುಟ್ಟ ಸಾಧನ ತಂತಿಯನ್ನು ಮುಟ್ಟದೆ, ಕಾಂತಬಲದಿಂದಲೇ ಕಂಪಿಸುತ್ತಾ ಇಡುತ್ತದೆ. ಸ್ವರ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಒಮ್ಮೆಗೆ ಒಂದೇ ತಂತಿಯಾದ್ದರಿಂದ ಪದರದ ಮೇಲೆ ಪದರ ರೆಕಾರ್ಡ್ ಮಾಡಬೇಕು. ಇ-ಬೋ ಇಲ್ಲದವರಿಗೆ ವಾಲ್ಯೂಮ್ ಪೆಡಲ್ ಇದೆ: ಸೊನ್ನೆಯಲ್ಲಿ ಇಟ್ಟು ಮೀಟಿ, ಆಮೇಲೆ ನಿಧಾನವಾಗಿ ಒತ್ತಿ. ಟಕ್ ಸದ್ದು ಮುಚ್ಚಿಹೋಗುತ್ತದೆ. ಮುಂದೆ ಉದ್ದದ ರಿವರ್ಬ್ ಇದ್ದರೆ ಸಾಕು.

ಡ್ರಮ್ಸ್ ಕೂಡ ಗಿಟಾರಿನಿಂದಲೇ ಬರಬೇಕು ಅನ್ನುವವರಿದ್ದಾರೆ. ಅಂಗೈಯಿಂದ ಮುಚ್ಚಿದ ತಂತಿಯ ಮೇಲೆ ಪಿಕ್ ಉಜ್ಜಿ, 6-7 ಕಿಲೋಹರ್ಟ್ಜ್ ಕೆಳಗಿನದನ್ನೆಲ್ಲ ತೆಗೆದರೆ ಚೆಂದದ ಹೈ-ಹ್ಯಾಟ್ ಸಿಗುತ್ತದೆ. ದಪ್ಪ ತಂತಿಯ ಉದ್ದಕ್ಕೂ ಪಿಕ್ ಎಳೆದು, ಅದನ್ನು ಹಿಂದುಮುಂದು ಮಾಡಿದರೆ ಡ್ರಾಪ್‌ಗೆ (ಬೀಟ್ ಪೂರ್ತಿ ಬಲದಲ್ಲಿ ಮರಳುವ ಕ್ಷಣಕ್ಕೆ) ಮೊದಲಿನ ಏರುಸದ್ದು ಸಿದ್ಧ. ನಟ್ ಆಚೆಗಿನ, ಶ್ರುತಿ ಗುಂಡಿಗಳ ಕಡೆಯ ತುಂಡು ತಂತಿಯನ್ನು ಮೀಟಿದರೆ ಗಂಟೆಯಂಥ ಸದ್ದು. ಇವೆಲ್ಲ ಮಾಡಿ, ಖುಷಿಯಾಗಿ ಮಾಡಿ. ಕಿಕ್ ಒಂದನ್ನು ಮಾತ್ರ ಡ್ರಮ್ ಮೆಷಿನ್‌ಗೇ ಬಿಡುವುದು ಒಳ್ಳೆಯದು. ರೋಲ್ಯಾಂಡಿನ 1980ರ 808, 1983ರ 909 ಯಂತ್ರಗಳ ಕಿಕ್ ಇಂದಿಗೂ ಫ್ಲೋರಿನಲ್ಲಿ ನಿಂತಿರುವುದು ಸುಮ್ನೆ ಅಲ್ಲ.

ಈಗ ಸಮಯದ ಮಾತು. ರೆಕಾರ್ಡ್ ಮಾಡುವಾಗ ಬಫರ್ (ಕಂಪ್ಯೂಟರ್ ಒಮ್ಮೆಗೆ ತೆಗೆದುಕೊಳ್ಳುವ ಸದ್ದಿನ ತುಂಡು) ಕಡಿಮೆ ಇಡಿ. 48 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್ ಅಂದರೆ ಸುಮಾರು 2.7 ಮಿಲಿಸೆಕೆಂಡ್. ಹೋಗುವುದು ಬರುವುದು ಸೇರಿ ಅದರ ಎರಡು ಪಟ್ಟಿಗಿಂತ ತುಸು ಜಾಸ್ತಿ, ಬೆರಳಿಗೆ ಅದು ಅಡ್ಡಿಯಾಗದು. ಡಿಲೇ, ಅಂದರೆ ಎಕೋದ ಸಮಯ ಲೆಕ್ಕ ಹಾಕಲು 60,000ವನ್ನು ಬಿಪಿಎಂನಿಂದ ಭಾಗಿಸಿ. 125ಕ್ಕೆ 480 ಮಿಲಿಸೆಕೆಂಡ್ ಒಂದು ಬೀಟ್, ಅದರ ಮುಕ್ಕಾಲು 360. ಡಿಲೇಯನ್ನು 360ಕ್ಕೆ ಇಟ್ಟು, ನೀವು ಬರೀ ಎಂಟನೇ ನೋಟುಗಳನ್ನು ನುಡಿಸಿದರೆ ಸಾಕು. ಡಿಲೇಯ ಪೆಟ್ಟುಗಳು ನಿಮ್ಮ ಪೆಟ್ಟುಗಳ ನಡುವೆ ಬಿದ್ದು ಹದಿನಾರನೇ ನೋಟುಗಳ ಓಟ ತಾನಾಗಿ ಹುಟ್ಟುತ್ತದೆ. ಬೆರಳಿನ ವೇಗ ಬೇಕಿಲ್ಲ, ಒಂದೇ ಗತಿ ಬೇಕು.

ಕ್ವಾಂಟೈಜ್ ಮಾಡಬೇಕೇ, ಅಂದರೆ ಪೆಟ್ಟುಗಳನ್ನೆಲ್ಲ ಗ್ರಿಡ್ಡಿಗೆ ಕೂರಿಸಬೇಕೇ? ಬಾಸ್ ಮತ್ತು ಕಾರ್ಡ್ ತುಂಡುಗಳಿಗೆ ಬೇಕು. ಆದರೆ ಮುಚ್ಚಿದ ತಂತಿಯ ಚಿಕ್ಕ ಚಿಕ್ಕ ಫಂಕ್ ಪೆಟ್ಟುಗಳಿದ್ದರೆ ದಯವಿಟ್ಟು ಅವನ್ನು ಮುಟ್ಟಬೇಡಿ. ಬಾರಿನ ಮೊದಲ ಪೆಟ್ಟನ್ನು ಮಾತ್ರ ಗ್ರಿಡ್ಡಿಗೆ ಕೂರಿಸಿ, ಉಳಿದವು ಕೈ ಇಟ್ಟ ಜಾಗದಲ್ಲೇ ಇರಲಿ. ಯಂತ್ರದ ಕಿಕ್ ನೆಟ್ಟಗೆ ನಡೆಯುತ್ತಿರುವಾಗ, ಅದರ ಹಿಂದೆ ಕೆಲವು ಮಿಲಿಸೆಕೆಂಡ್ ತಡವಾಗಿ ಬರುವ ಗಿಟಾರ್ ಇದೆಯಲ್ಲ, ಕಾಲು ಕುಣಿಸುವುದು ಅದೇ.

ಒಂದೇ ವಾದ್ಯದ ಆಲ್ಬಮ್‌ಗೆ ದೊಡ್ಡ ಅಪಾಯ ಒಂದಿದೆ: ಎಲ್ಲ ಸದ್ದುಗಳೂ ನಡುವಿನ ಜಾಗದಲ್ಲಿ, ಸುಮಾರು 200 ಹರ್ಟ್ಜ್‌ನಿಂದ 4 ಕಿಲೋಹರ್ಟ್ಜ್ ಒಳಗೆ ಗುಂಪುಗೂಡುವುದು. ಹಾಗಾಗಿ ಸಬ್ ಬಾಸ್ ಬಿಟ್ಟು ಉಳಿದ ಪ್ರತಿ ಗಿಟಾರಿನಿಂದಲೂ 120 ಹರ್ಟ್ಜ್ ಕೆಳಗಿನದನ್ನು ತೆಗೆದುಹಾಕಿ. ಕಾರ್ಡ್ ಓಡುತ್ತಿರುವಾಗ ಲೀಡ್ ಒಂದು ಆಕ್ಟೇವ್ ಮೇಲಿರಲಿ. ಎಡಕ್ಕೊಂದು ಬಲಕ್ಕೊಂದು ಗಿಟಾರ್ ಹಾಕಿ ಅಗಲ ಮಾಡುವ ರಾಕ್ ಅಭ್ಯಾಸವನ್ನೂ ಪರೀಕ್ಷಿಸಿ ನೋಡಿ. ಎಷ್ಟೋ ಕ್ಲಬ್‌ಗಳ ಸೌಂಡ್ ಸಿಸ್ಟಂ ಮೋನೋದಲ್ಲಿ ಓಡುತ್ತದೆ, ಅಲ್ಲಿ ಕೋರಸ್, ಸ್ಟೀರಿಯೋ ಡಿಲೇ ಹಾಕಿದ ಗಿಟಾರ್ ಅರ್ಧಕ್ಕರ್ಧ ತನ್ನನ್ನು ತಾನೇ ಅಳಿಸಿಕೊಳ್ಳಬಹುದು. ಮಿಕ್ಸ್ ಮಾಡುವಾಗ ಆಗಾಗ ಮೋನೋ ಗುಂಡಿ ಒತ್ತಿ ಕೇಳಿ. ಕಾರ್ಡ್ ತೆಳುವಾಗಿ ಹೋದರೆ ಎರಡರಲ್ಲಿ ಒಂದು ಗಿಟಾರನ್ನು ತೆಗೆದು, ಬೇರೆ ಫ್ರೆಟ್ ಜಾಗದಲ್ಲಿ ಅದೇ ಸ್ವರಗಳನ್ನು ಹಿಡಿದು ಮತ್ತೆ ನುಡಿಸಿ. ತಂತಿಯ ದಪ್ಪ ಬದಲಾದರೆ ಅಲೆಯ ಆಕಾರವೂ ಬದಲಾಗುತ್ತದೆ, ಅಳಿಸುವಿಕೆ ಕಡಿಮೆಯಾಗುತ್ತದೆ.

ಪ್ರತಿ ಟೇಕ್‌ಗೆ ಮೊದಲು ಶ್ರುತಿ ನೋಡಿಕೊಳ್ಳಿ, ಏಕೆಂದರೆ ಹತ್ತು ಪದರ ಸೇರಿದ ಮೇಲೆ ಯಾವ ತಂತಿ ಇಳಿದಿದೆ ಎಂದು ಹುಡುಕುವುದು ತುಂಬ ಕಷ್ಟ. ಪೆಡಲ್‌ಗಳ ಮೂಲಕ ರೆಕಾರ್ಡ್ ಮಾಡಿದರೂ, ಗಿಟಾರಿನಿಂದ ನೇರವಾಗಿ ಬಂದ ಒಣ ಸಿಗ್ನಲನ್ನು ಇನ್ನೊಂದು ಟ್ರ್ಯಾಕಿನಲ್ಲಿ ಹಿಡಿದಿಡಿ. ಆಲ್ಬಮ್‌ನ ಮೂರನೇ ಹಾಡಿನಲ್ಲಿ ಪ್ಯಾಡ್ ಆಗಿದ್ದ ಅದೇ ಟೇಕ್, ಗೇಟ್ ಬದಲಿಸಿದರೆ ಏಳನೇ ಹಾಡಿನ ಲಯವಾಗಬಹುದು.